ಸದ್ದು ನಿಂತರೂ ನಿಲ್ಲದ ಸೂಜಿಗಲ್ಲು

ಸೊಂಟನೋವೆಂದು ಅರಸೀಕೆರೆ ಕಡೆಯ ಹಳ್ಳಿಯಿಂದ ಬೆಂಗಳೂರಿಗೆ ಬಂದಿದ್ದ ದೊಡ್ಡಮ್ಮನಿಗೆ ವೈದ್ಯರು ಎಂಆರ್‌ಐ ಸ್ಕ್ಯಾನ್ ಮಾಡಿಸುವಂತೆ ಚೀಟಿ ಬರೆದುಕೊಟ್ಟರು. ಸ್ಕ್ಯಾನ್ ಕೇಂದ್ರದ ಹುಡುಗ, "ಅಮ್ಮಾ, ಮೈಮೇಲಿರೋ ಒಡವೆ ಎಲ್ಲ ತೆಗೆದು ಇವರ ಕೈಗೆ ಕೊಡಿ" ಎಂದ. ಓಲೆ, ಮೂಗುತಿ, ಬಳೆ ಎಲ್ಲವೂ ನನ್ನ ಕೈಗೆ ಬಂದವು. ತಾಳಿಯ ಸರದ ಸರದಿ ಬಂದಾಗ ದೊಡ್ಡಮ್ಮ ಅದನ್ನು ಮುಷ್ಟಿಯಲ್ಲಿ ಹಿಡಿದು ನಿಂತುಬಿಟ್ಟರು. "ಕಬ್ಬಿಣ ಇರಬಾರದು ಅಂದ್ಯಲ್ಲಪ್ಪ, ಇದು ಚಿನ್ನ. ಮದುವೆ ಆದಾಗಿನಿಂದ ಒಂದು ದಿನಾನೂ ಬಿಚ್ಚಿಲ್ಲ."

ಹುಡುಗನಿಗೆ ಇದು ದಿನನಿತ್ಯದ ಮಾತಿರಬೇಕು. "ಚಿನ್ನ ಇರಲಿ ಅಮ್ಮಾ, ಅದರ ಜತೆ ಏನಿದೆ ನೋಡಿ" ಎಂದ. ನೋಡಿದರೆ ಸೆರಗಿನ ಮರೆಯಲ್ಲಿ, ಸರಕ್ಕೆ ಸಿಕ್ಕಿಸಿದ ನಾಲ್ಕು ಸೇಫ್ಟಿ ಪಿನ್ನುಗಳು! ನಮ್ಮ ಮನೆಗಳಲ್ಲಿ ಪಿನ್ನಿಗೆ ಅದೇ ಖಾಯಂ ಜಾಗ. ಕೊನೆಗೆ ಅಲ್ಲಿನ ನರ್ಸಮ್ಮ ಅರಿಶಿನದ ಕೊಂಬು ಕಟ್ಟಿದ ದಾರವೊಂದನ್ನು ತಂದು ಕೊರಳಿಗೆ ಹಾಕಿದ ಮೇಲೆಯೇ ದೊಡ್ಡಮ್ಮ ಸರ ಬಿಚ್ಚಿದ್ದು.

ಮುಕ್ಕಾಲು ಗಂಟೆ ಒಳಗಿನಿಂದ ಟಕಟಕ, ಗರಗರ ಎಂಬ ಸದ್ದು ಕೇಳುತ್ತಿತ್ತು. ಆಮೇಲೆ ಎಲ್ಲ ನಿಶ್ಶಬ್ದ. ಬಾಗಿಲು ತೆರೆಯಿತು. ದೊಡ್ಡಮ್ಮನನ್ನು ಎಬ್ಬಿಸಲೆಂದು ನಾನು ಎರಡು ಹೆಜ್ಜೆ ಮುಂದಿಟ್ಟೆ. ಹುಡುಗ ಅಡ್ಡ ಕೈ ಹಾಕಿ ತಡೆದ. ನನ್ನ ಜೇಬಿನಲ್ಲಿ ಮೊಬೈಲು, ಸ್ಕೂಟರಿನ ಬೀಗದ ಕೈ ಗೊಂಚಲು.

"ಮುಗೀತಲ್ಲ? ಸದ್ದು ನಿಂತಿತಲ್ಲ?" ಎಂದೆ.

"ಸದ್ದು ನಿಂತಿದೆ ಸಾರ್, ಮ್ಯಾಗ್ನೆಟ್ ನಿಂತಿಲ್ಲ" ಎಂದ.

ಎಂಆರ್‌ಐ ಯಂತ್ರದ ಬಗ್ಗೆ ಜನಸಾಮಾನ್ಯರು ತಿಳಿದಿರಬೇಕಾದ ಅತಿ ಮುಖ್ಯ ಸಂಗತಿ ಆ ಒಂದು ಮಾತಿನಲ್ಲಿದೆ. ಅದು ಗೊತ್ತಿಲ್ಲದೆ ಪ್ರಾಣ ಕಳೆದುಕೊಂಡವರೂ ಇದ್ದಾರೆ.

ಕಬ್ಬಿಣದ ಪ್ರಿಯ

ಕನ್ನಡದಲ್ಲಿ ಈ ವಸ್ತುವಿಗೆ ಎರಡು ಹೆಸರು. ಸೂಜಿಯನ್ನು ಸೆಳೆಯುವ ಕಲ್ಲಾದ್ದರಿಂದ ಸೂಜಿಗಲ್ಲು. ಇನ್ನೊಂದು, ಸಂಸ್ಕೃತದಿಂದ ಬಂದ ಅಯಸ್ಕಾಂತ. ಅಯಸ್ ಎಂದರೆ ಕಬ್ಬಿಣ, ಕಾಂತ ಎಂದರೆ ಪ್ರಿಯ. ಕಬ್ಬಿಣಕ್ಕೆ ಪ್ರಿಯವಾದದ್ದು ಅಯಸ್ಕಾಂತ.

ವೈದ್ಯಕ್ಕೂ ಅಯಸ್ಕಾಂತಕ್ಕೂ ಇರುವ ನಂಟು ಇಂದು ನಿನ್ನೆಯದಲ್ಲ. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ, ಮೈಗೆ ಹೊಕ್ಕ ಶಲ್ಯಗಳನ್ನು ಹೊರತೆಗೆಯುವ ಉಪಾಯಗಳ ಪೈಕಿ ಅಯಸ್ಕಾಂತವೂ ಒಂದು. ಆದರೆ ಅದನ್ನು ಬಳಸಲು ಕೆಲವು ಷರತ್ತುಗಳನ್ನು ಅಲ್ಲಿ ವಿಧಿಸಲಾಗಿದೆ. ಹೊಕ್ಕ ಚೂರು ಹೊರಬರುವ ದಿಕ್ಕಿಗೆ ನೇರವಾಗಿರಬೇಕು, ಸಡಿಲವಾಗಿರಬೇಕು, ಅದಕ್ಕೆ ಕೊಕ್ಕೆಯಂಥ ಮುಳ್ಳುಗಳಿರಬಾರದು, ಗಾಯದ ಬಾಯಿ ಅಗಲವಾಗಿರಬೇಕು. ಮೈಯೊಳಗಿನ ಕಬ್ಬಿಣವನ್ನು ಕಾಂತದಿಂದ ಎಳೆದರೆ ಏನು ಅನಾಹುತವಾದೀತು ಎಂಬುದು ಆ ಕಾಲದ ಶಸ್ತ್ರವೈದ್ಯರಿಗೆ ಗೊತ್ತಿತ್ತೆಂದೇ ಇದರ ಅರ್ಥ. ಇಂದಿನ ಎಂಆರ್‌ಐ ಕೋಣೆಯ ಬಾಗಿಲಲ್ಲಿ ನಮಗೆ ಕೇಳುವ ಪ್ರಶ್ನೆಗಳೂ ಹೆಚ್ಚು ಕಡಿಮೆ ಇವೇ: ಮೈಯೊಳಗೆ ಲೋಹ ಇದೆಯೇ? ಯಾವ ಲೋಹ? ಗಟ್ಟಿಯಾಗಿ ಕೂತಿದೆಯೇ, ಸಡಿಲವಾಗಿದೆಯೇ?

ನೀರಿನೊಳಗಿನ ಬುಗುರಿಗಳು

ಅಷ್ಟಕ್ಕೂ ಮೈಯೊಳಗಿನ ಚಿತ್ರ ತೆಗೆಯಲು ಅಯಸ್ಕಾಂತ ಏಕೆ ಬೇಕು? ಎಕ್ಸ್‌ರೇಯಲ್ಲಿ ಕಿರಣಗಳು ಮೈಯನ್ನು ತೂರಿ ಹೋಗುತ್ತವೆ. ಮೂಳೆ ಅವನ್ನು ತಡೆಯುವುದರಿಂದ ಅದರ ನೆರಳು ಮೂಡುತ್ತದೆ. ಎಂಆರ್‌ಐ ಹಾಗಲ್ಲ. ಇಲ್ಲಿ ಎಕ್ಸ್‌ರೇ ಇಲ್ಲ. ಇಲ್ಲಿ ಮಾತನಾಡುವುದು ನಮ್ಮ ಮೈಯ ನೀರೇ.

ದೇಹದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನೀರು. ನೀರಿನ ಪ್ರತಿಯೊಂದು ಅಣುವಿನಲ್ಲೂ ಜಲಜನಕದ ಎರಡು ಪರಮಾಣುಗಳಿವೆ. ಜಲಜನಕ ಪರಮಾಣುವಿನ ನಡುವೆ ಇರುವುದು ಒಂದೇ ಒಂದು ಪ್ರೋಟಾನ್, ಅದು ತಾನೇ ಒಂದು ಪುಟಾಣಿ ಅಯಸ್ಕಾಂತ. ಸಾಮಾನ್ಯವಾಗಿ ಈ ಪುಟಾಣಿಗಳು ಸಂತೆಯ ಜನರಂತೆ ದಿಕ್ಕಿಗೊಂದು ಮುಖ ಮಾಡಿರುತ್ತವೆ. ಬಲವಾದ ಕಾಂತಕ್ಷೇತ್ರದಲ್ಲಿ ಇಟ್ಟಾಗ ಅವುಗಳಲ್ಲಿ ಒಂದು ಸಣ್ಣ ಹೆಚ್ಚುವರಿ ಪಾಲು ಕ್ಷೇತ್ರದ ದಿಕ್ಕಿಗೆ ವಾಲುತ್ತದೆ. ಎಷ್ಟು ಸಣ್ಣದೆಂದರೆ, ಆಸ್ಪತ್ರೆಯ 1.5 ಟೆಸ್ಲಾ ಯಂತ್ರದಲ್ಲಿ 10 ಲಕ್ಷಕ್ಕೆ ಸುಮಾರು 5! ಆದರೆ ಒಂದು ಹನಿ ನೀರಿನಲ್ಲಿರುವ ಪ್ರೋಟಾನುಗಳನ್ನು ಎಣಿಸಲು ಒಂದರ ಮುಂದೆ 21 ಸೊನ್ನೆ ಬರೆದರೂ ಸಾಲದು. ಹಾಗಾಗಿ ಆ ಐದರ ಲೆಕ್ಕವೇ ಬೇಕಾದಷ್ಟಾಯಿತು.

ಬುಗುರಿ ತಿರುಗುತ್ತಿರುವಾಗ ತಲೆದೂಗುವುದನ್ನು ನೋಡಿದ್ದೀರಲ್ಲ. ಕಾಂತಕ್ಷೇತ್ರದಲ್ಲಿ ಪ್ರೋಟಾನುಗಳದ್ದೂ ಅದೇ ತೂಗಾಟ. ಕ್ಷೇತ್ರ ಬಲವಾದಷ್ಟೂ ತೂಗಾಟ ವೇಗ. 1 ಟೆಸ್ಲಾಕ್ಕೆ ಸೆಕೆಂಡಿಗೆ ಸುಮಾರು 4.26 ಕೋಟಿ ಬಾರಿ, 1.5 ಟೆಸ್ಲಾಕ್ಕೆ ಸುಮಾರು 6.4 ಕೋಟಿ ಬಾರಿ. ಇದು ನಮ್ಮ ಎಫ್‌ಎಂ ರೇಡಿಯೋದ ಕಂಪನಾಂಕಗಳಿಗಿಂತ ಸ್ವಲ್ಪವೇ ಕೆಳಗೆ. ಅಷ್ಟೇ ಕಂಪನಾಂಕದ ರೇಡಿಯೋ ತರಂಗವನ್ನು ಹಾಯಿಸಿದರೆ ಪ್ರೋಟಾನುಗಳು ಅದರ ಶಕ್ತಿ ಹೀರಿ ಪಕ್ಕಕ್ಕೆ ವಾಲುತ್ತವೆ. ತರಂಗವನ್ನು ನಿಲ್ಲಿಸಿದೊಡನೆ ಸಣ್ಣದೊಂದು ರೇಡಿಯೋ ಸಂಕೇತ ಕೊಡುತ್ತ ಮತ್ತೆ ಸ್ವಸ್ಥಾನಕ್ಕೆ ಮರಳುತ್ತವೆ. ಮರಳುವ ಅವಧಿ ಕೊಬ್ಬಿನಲ್ಲಿ ಒಂದು ಬಗೆ, ನೀರಿನಲ್ಲಿ ಒಂದು ಬಗೆ, ಗೆಡ್ಡೆಯಲ್ಲಿ ಇನ್ನೊಂದು ಬಗೆ. ಈ ವ್ಯತ್ಯಾಸವೇ ಚಿತ್ರದ ಕಪ್ಪು ಬಿಳುಪಾಗುತ್ತದೆ.

ಪ್ರೋಟಾನುಗಳ ಈ ಗುಣವನ್ನು 1946ರಲ್ಲಿ ಅಮೆರಿಕದ ಫೆಲಿಕ್ಸ್ ಬ್ಲಾಕ್ ಮತ್ತು ಎಡ್ವರ್ಡ್ ಪರ್ಸೆಲ್ ಬೇರೆ ಬೇರೆಯಾಗಿ ತೋರಿಸಿಕೊಟ್ಟರು. 1952ರ ಭೌತಶಾಸ್ತ್ರದ ನೊಬೆಲ್ ಅವರಿಬ್ಬರಿಗೆ ಸಂದಿತು. ಗೆಡ್ಡೆಯ ಸಂಕೇತ ಆರೋಗ್ಯವಂತ ಅಂಗಾಂಶಕ್ಕಿಂತ ಬೇರೆ ಎಂದು 1971ರಲ್ಲಿ ರೇಮಂಡ್ ಡಮಾಡಿಯನ್ ಬರೆದರು. ಸಂಕೇತ ಬಂದದ್ದು ಎಲ್ಲಿಂದ ಎಂದು ಗುರುತಿಸುವ ಉಪಾಯವನ್ನು 1973ರಲ್ಲಿ ಪಾಲ್ ಲಾಟರ್ಬರ್ ಹೇಳಿದರು. ಕಾಂತಕ್ಷೇತ್ರ ಒಂದು ಬದಿಗೆ ತುಸು ಹೆಚ್ಚು, ಇನ್ನೊಂದು ಬದಿಗೆ ತುಸು ಕಡಿಮೆ ಇರುವಂತೆ ಮಾಡಿದರೆ ಒಂದೊಂದು ಜಾಗದ ಪ್ರೋಟಾನೂ ಒಂದೊಂದು ಕಂಪನಾಂಕದಲ್ಲಿ ಉತ್ತರ ಕೊಡುತ್ತದೆ. ಕಂಪನಾಂಕವೇ ಅದರ ವಿಳಾಸ. ಇಂಗ್ಲೆಂಡಿನ ಪೀಟರ್ ಮ್ಯಾನ್ಸ್‌ಫೀಲ್ಡ್ ಈ ಕೆಲಸವನ್ನು ಬಹಳ ಬೇಗನೆ ಮುಗಿಸುವ ಗಣಿತವನ್ನು ಕಟ್ಟಿಕೊಟ್ಟರು. 1977ರಲ್ಲಿ ಡಮಾಡಿಯನ್ ತಂಡ ಮನುಷ್ಯನ ಎದೆಯ ಒಂದೇ ಒಂದು ಚಿತ್ರ ತೆಗೆಯಲು ಸುಮಾರು 5 ಗಂಟೆ ಹಿಡಿಯಿತು. 2003ರ ವೈದ್ಯಕೀಯ ನೊಬೆಲ್ ಲಾಟರ್ಬರ್ ಮತ್ತು ಮ್ಯಾನ್ಸ್‌ಫೀಲ್ಡ್‌ರಿಗೆ ಬಂತು. ತನ್ನನ್ನು ಕೈಬಿಟ್ಟದ್ದನ್ನು ಪ್ರತಿಭಟಿಸಿ ಡಮಾಡಿಯನ್ ಅಮೆರಿಕದ ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು ಕೊಟ್ಟದ್ದು ಬೇರೆಯದೇ ಕಥೆ.

ಕರೆಂಟು ಹೋದರೂ ಹೋಗದ ಬಲ

ಟೆಸ್ಲಾ ಎಂಬುದು ಕಾಂತಕ್ಷೇತ್ರವನ್ನು ಅಳೆಯುವ ಮಾನ. ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಕಾಣುವುದು 1.5 ಮತ್ತು 3 ಟೆಸ್ಲಾ ಯಂತ್ರಗಳು. ದಿಕ್ಸೂಚಿಯ ಮುಳ್ಳನ್ನು ಉತ್ತರಕ್ಕೆ ತಿರುಗಿಸುವ ಭೂಮಿಯ ಕಾಂತಕ್ಷೇತ್ರದೊಡನೆ ಹೋಲಿಸಿದರೆ 1.5 ಟೆಸ್ಲಾ ಎಂಬುದು ಸುಮಾರು 30 ಸಾವಿರ ಪಟ್ಟು.

ಇಷ್ಟು ಬಲವನ್ನು ಸಾಮಾನ್ಯ ತಾಮ್ರದ ತಂತಿ ಸುತ್ತಿ ಹುಟ್ಟಿಸಹೊರಟರೆ ತಂತಿ ಕಾಯುತ್ತದೆ, ವಿದ್ಯುತ್ ಬಿಲ್ಲು ಕೈಗೆಟುಕುವುದಿಲ್ಲ. ಅದಕ್ಕಾಗಿ ನಯೋಬಿಯಂ ಮತ್ತು ಟೈಟಾನಿಯಂ ಬೆರೆಸಿದ ತಂತಿಯ ಸುರುಳಿಯನ್ನು ದ್ರವ ಹೀಲಿಯಂನಿಂದ ಸೊನ್ನೆಗಿಂತ 269 ಡಿಗ್ರಿ ಸೆಲ್ಷಿಯಸ್ ಕೆಳಕ್ಕೆ ತಣಿಸುತ್ತಾರೆ. ಆ ಚಳಿಯಲ್ಲಿ ತಂತಿ ವಿದ್ಯುತ್ತಿಗೆ ಒಡ್ಡುವ ತಡೆ ಪೂರ್ತಿ ಇಲ್ಲವಾಗುತ್ತದೆ. ಇದಕ್ಕೆ ಅತಿವಾಹಕತೆ ಎಂದು ಹೆಸರು. 1911ರಲ್ಲಿ ಹಾಲೆಂಡಿನ ಕಾಮರ್ಲಿಂಗ್ ಓನ್ಸ್ ಪಾದರಸದಲ್ಲಿ ಇದನ್ನು ಮೊದಲು ಕಂಡರು. ಈ ಹೀಲಿಯಂಗೂ ನಮ್ಮ ದಕ್ಷಿಣ ಭಾರತಕ್ಕೂ ಒಂದು ನಂಟಿದೆ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ಫ್ರಾನ್ಸಿನ ಜಾನ್ಸನ್ ಗುಂಟೂರಿನಲ್ಲಿ ನಿಂತು ನೋಡಿದರು. ಆ ವರ್ಷದ ಸೂರ್ಯ ವೀಕ್ಷಣೆಗಳಲ್ಲಿ ಕಂಡ ಹಳದಿ ಗೆರೆಯೇ ಈ ಧಾತುವಿನ ಮೊದಲ ಸುಳಿವು.

ತಡೆಯೇ ಇಲ್ಲದ ತಂತಿಯಲ್ಲಿ ಒಮ್ಮೆ ಹರಿಯಬಿಟ್ಟ ವಿದ್ಯುತ್ತು ಸುತ್ತುತ್ತಲೇ ಇರುತ್ತದೆ. ಅದನ್ನು ಯಾರೂ ತಳ್ಳುತ್ತಿರಬೇಕಿಲ್ಲ. ಆಸ್ಪತ್ರೆಯಲ್ಲಿ ಕರೆಂಟು ಹೋದರೂ, ಕಂಪ್ಯೂಟರು ಮುಚ್ಚಿದರೂ, ದೀಪ ಆರಿಸಿ ಎಲ್ಲರೂ ಮನೆಗೆ ಹೋದರೂ ಕಾಂತಕ್ಷೇತ್ರ ಹಾಗೆಯೇ ಇರುತ್ತದೆ. ಭಾನುವಾರ ಇಲ್ಲ, ಹಬ್ಬ ಇಲ್ಲ.

ಹಾಗಾದರೆ ಆ ಟಕಟಕ ಸದ್ದು? ಅದು ಬೇರೆ. ಲಾಟರ್ಬರ್ ಹೇಳಿದ, ಜಾಗ ಗುರುತಿಸುವ ಸಣ್ಣ ಕ್ಷೇತ್ರಗಳನ್ನು ಹುಟ್ಟಿಸಲು ಒಳಗೆ ಬೇರೆ ಸುರುಳಿಗಳಿವೆ. ಅವುಗಳಲ್ಲಿ ವಿದ್ಯುತ್ತನ್ನು ಕ್ಷಣಕ್ಷಣಕ್ಕೂ ಹರಿಸಿ ನಿಲ್ಲಿಸುವಾಗ ದೊಡ್ಡ ಅಯಸ್ಕಾಂತದ ಬಲಕ್ಕೆ ಸಿಕ್ಕಿ ಅವು ಅದುರುತ್ತವೆ. ಆ ಅದುರಾಟವೇ ಸದ್ದು. ಸ್ಕ್ಯಾನ್ ಮುಗಿದಾಗ ನಿಲ್ಲುವುದು ಅದು. ದೊಡ್ಡ ಅಯಸ್ಕಾಂತಕ್ಕೆ ಸದ್ದೂ ಇಲ್ಲ, ವಾಸನೆಯೂ ಇಲ್ಲ. ಮಿಕ್ಸಿ, ಮೋಟಾರು, ಫ್ಯಾನು ಎಲ್ಲವೂ ಸದ್ದು ನಿಂತರೆ ನಿಂತಂತೆ ಎಂದು ನಂಬಿ ಬೆಳೆದ ನಮ್ಮ ಕಿವಿ ಇಲ್ಲಿ ಮೋಸ ಹೋಗುತ್ತದೆ.

ಕೊನೆಯ ಒಂದು ಹೆಜ್ಜೆ

ಕಣ್ಣೂ ಮೋಸ ಹೋಗುತ್ತದೆ, ಕೈಯೂ ಮೋಸ ಹೋಗುತ್ತದೆ. ಅದಕ್ಕೆ ಕಾರಣ ದೂರಕ್ಕೂ ಬಲಕ್ಕೂ ಇರುವ ಲೆಕ್ಕ. ಅಯಸ್ಕಾಂತದಿಂದ ಸಾಕಷ್ಟು ದೂರದಲ್ಲಿ, ಕ್ಷೇತ್ರವು ದೂರದ ಘನಕ್ಕೆ ವಿಲೋಮವಾಗಿರುತ್ತದೆ. ದೂರ ಅರ್ಧವಾದರೆ ಕ್ಷೇತ್ರ 8 ಪಟ್ಟು. ಆದರೆ ಕಬ್ಬಿಣದ ಮೇಲಿನ ಸೆಳೆತ ಕ್ಷೇತ್ರವೊಂದನ್ನೇ ಅವಲಂಬಿಸಿಲ್ಲ. ಕ್ಷೇತ್ರ ಎಷ್ಟು ಕಡಿದಾಗಿ ಏರುತ್ತಿದೆ ಎಂಬುದನ್ನೂ ಅವಲಂಬಿಸಿದೆ. ಎರಡನ್ನೂ ಸೇರಿಸಿದರೆ, ದೂರ ಅರ್ಧವಾದಾಗ ಸೆಳೆತ 100 ಪಟ್ಟಿಗೂ ಮೀರಿ ಹೆಚ್ಚುತ್ತದೆ. ಬಾಗಿಲಲ್ಲಿ ನಿಂತಾಗ ಕೈಯಲ್ಲಿರುವ ಕತ್ತರಿಗೆ ಏನೂ ಆಗಿರುವುದಿಲ್ಲ. ಎರಡು ಹೆಜ್ಜೆ ಮುಂದೆ ಸಣ್ಣ ಎಳೆತ. ಇನ್ನೊಂದು ಹೆಜ್ಜೆ, ಅದು ಕೈಯಲ್ಲಿಲ್ಲ. ಯಂತ್ರದ ಬಾಯಿಯ ಹತ್ತಿರ ಉಕ್ಕಿನ ವಸ್ತುವಿನ ಮೇಲಿನ ಸೆಳೆತ ಅದರ ತೂಕದ ಹತ್ತಾರು ಪಟ್ಟಿರಬಹುದು. ನಾಲ್ಕು ಜನ ಸೇರಿ ಜಗ್ಗಿದರೂ ಬರುವುದಿಲ್ಲ ಎಂಬುದರ ಅರ್ಥ ಇದೇ. ಸೆಳೆತದ ಜತೆಗೆ ತಿರುಚುವ ಬಲವೂ ಇದೆ. ಉದ್ದನೆಯ ಕಬ್ಬಿಣ ಕ್ಷೇತ್ರದ ದಿಕ್ಕಿಗೆ ತಟ್ಟನೆ ತಿರುಗಿ ನಿಲ್ಲಲು ನೋಡುತ್ತದೆ.

ಇದು ಬರೀ ಲೆಕ್ಕದ ಮಾತಲ್ಲ. 2001ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ 6 ವರ್ಷದ ಬಾಲಕನೊಬ್ಬನ ಸ್ಕ್ಯಾನ್ ನಡೆಯುತ್ತಿತ್ತು. ಆಮ್ಲಜನಕದ ಪೂರೈಕೆಗೆ ತೊಂದರೆಯಾಗಿ, ಅವಸರದಲ್ಲಿ ಉಕ್ಕಿನ ಸಿಲಿಂಡರ್ ಒಂದನ್ನು ಒಳಗೆ ತಂದರು. ಅದು ಹಾರಿ ಹೋಗಿ ಮಗುವಿನ ತಲೆಗೆ ಬಡಿಯಿತು, ಮಗು ಉಳಿಯಲಿಲ್ಲ. 2014ರಲ್ಲಿ ನವಿ ಮುಂಬೈಯಲ್ಲಿ ಸಿಲಿಂಡರ್ ಮತ್ತು ಯಂತ್ರದ ನಡುವೆ ಇಬ್ಬರು ಸಿಬ್ಬಂದಿ ಸಿಕ್ಕಿಕೊಂಡು ಸುಮಾರು 4 ಗಂಟೆ ಒದ್ದಾಡಿದರು. 2018ರ ಜನವರಿಯಲ್ಲಿ ಮುಂಬೈಯ ಆಸ್ಪತ್ರೆಯೊಂದರಲ್ಲಿ ಬಂಧುವಿನ ಸ್ಕ್ಯಾನ್‌ಗೆಂದು ಬಂದಿದ್ದ ಯುವಕ ಆಮ್ಲಜನಕದ ಸಿಲಿಂಡರ್ ಹಿಡಿದು ಒಳಗೆ ಹೋದವರು ಅದರ ಜತೆ ಸೆಳೆಯಲ್ಪಟ್ಟು ಮೃತಪಟ್ಟರು. ಯಂತ್ರ ಆಫ್ ಆಗಿದೆ ಎಂದು ತಮಗೆ ಹೇಳಲಾಗಿತ್ತು ಎಂಬುದು ಮನೆಯವರ ದೂರು. 2025ರ ಜುಲೈಯಲ್ಲಿ ನ್ಯೂಯಾರ್ಕ್ ಸಮೀಪ, ಮಂಡಿಯ ಸ್ಕ್ಯಾನ್ ಮುಗಿಸಿದ ಹೆಂಡತಿಯನ್ನು ಎಬ್ಬಿಸಲು ಒಳಗೆ ಹೋದ ಗಂಡನ ಕೊರಳಲ್ಲಿ ವ್ಯಾಯಾಮಕ್ಕೆಂದು ಹಾಕಿಕೊಂಡ ಸುಮಾರು 9 ಕಿಲೋ ತೂಕದ ಸರಪಳಿ ಇತ್ತು. ಅವರೂ ಬದುಕಲಿಲ್ಲ.

ಈ ಪ್ರಕರಣಗಳನ್ನು ಒಟ್ಟಿಗಿಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಮೃತಪಟ್ಟ ಆ ಇಬ್ಬರು ಗಂಡಸರು ರೋಗಿಗಳಲ್ಲ. ರೋಗಿಗೆ ನೆರವಾಗಲು ಹೋದ ಮನೆಯವರು. ಮಗುವಿನ ಸಾವಿಗೆ ಕಾರಣವಾದದ್ದೂ ಅದರ ಉಸಿರು ಉಳಿಸಲು ತಂದ ಸಿಲಿಂಡರೇ. ರೋಗಿಯ ಮೈಯನ್ನು ತಡಕಿ ನೋಡಿ ಒಳಗೆ ಬಿಡುತ್ತಾರೆ. ನೆರವಿಗೆ ಓಡಿ ಹೋಗುವವರನ್ನು ತಡಕುವವರಾರು?

ಅಮೆರಿಕದ ರೇಡಿಯಾಲಜಿ ಕಾಲೇಜು 2002ರಲ್ಲಿ ಪ್ರಕಟಿಸಿದ ಸುರಕ್ಷತೆಯ ಸೂತ್ರಗಳು ಎಂಆರ್‌ಐ ವಿಭಾಗವನ್ನು ನಾಲ್ಕು ವಲಯಗಳಾಗಿ ವಿಂಗಡಿಸಿದವು. ಯಾರು ಬೇಕಾದರೂ ಓಡಾಡಬಹುದಾದ ಮೊದಲನೆಯ ವಲಯದಿಂದ ಯಂತ್ರವಿರುವ ನಾಲ್ಕನೆಯ ವಲಯದವರೆಗೆ ಪ್ರತಿ ಹಂತದಲ್ಲೂ ತಪಾಸಣೆ ಬಿಗಿಯಾಗಬೇಕು. ನಮ್ಮಲ್ಲಿ ಎಷ್ಟೋ ಕಡೆ ನಾಲ್ಕು ವಲಯಗಳ ಕೆಲಸವನ್ನು ಒಂದು ಬಾಗಿಲು, ಒಬ್ಬ ಹುಡುಗ ಮಾಡುತ್ತಿರುವುದನ್ನು ನೀವೂ ನೋಡಿರುತ್ತೀರಿ.

ಯಂತ್ರವನ್ನು ಆರಿಸಲು ಸಾಧ್ಯವೇ ಇಲ್ಲವೇ? ಇದೆ. ಒಬ್ಬರು ಸಿಕ್ಕಿಕೊಂಡು ಪ್ರಾಣಕ್ಕೆ ಸಂಚಕಾರ ಬಂದಾಗ ಒತ್ತಲೆಂದೇ ಒಂದು ತುರ್ತು ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಸುರುಳಿ ಬಿಸಿಯಾಗಿ ಅತಿವಾಹಕತೆ ಕಳೆದುಕೊಳ್ಳುತ್ತದೆ, ದ್ರವ ಹೀಲಿಯಂ ಕುದಿಯುತ್ತದೆ. ಒಂದು ಲೀಟರ್ ದ್ರವ 700 ಲೀಟರಿಗೂ ಹೆಚ್ಚು ಅನಿಲವಾಗಿ ಕೊಳವೆಯ ಮೂಲಕ ಕಟ್ಟಡದ ಹೊರಗೆ ಹೋಗಬೇಕು. ಕೊಳವೆ ಕೈಕೊಟ್ಟು ಅನಿಲ ಕೋಣೆ ತುಂಬಿದರೆ ಉಸಿರಾಡಲು ಆಮ್ಲಜನಕ ಉಳಿಯದು. ಯಂತ್ರವನ್ನು ಮತ್ತೆ ಸಜ್ಜುಗೊಳಿಸಲು ದಿನಗಟ್ಟಲೆ ಸಮಯ, ದೊಡ್ಡ ಖರ್ಚು. ಆದ್ದರಿಂದಲೇ ರಾತ್ರಿ ಆರಿಸಿ ಬೆಳಿಗ್ಗೆ ಹಾಕುವ ಪದ್ಧತಿ ಇಲ್ಲ.

ಯಾವ ಲೋಹ, ಏನು ಕಥೆ

ಲೋಹವೆಲ್ಲ ಕಬ್ಬಿಣವಲ್ಲ. ನಮ್ಮ ನಿತ್ಯಬಳಕೆಯಲ್ಲಿ ಅಯಸ್ಕಾಂತ ಬಲವಾಗಿ ಸೆಳೆಯುವುದು ಮುಖ್ಯವಾಗಿ ಮೂರನ್ನು: ಕಬ್ಬಿಣ, ನಿಕ್ಕಲ್, ಕೋಬಾಲ್ಟ್. ಚಿನ್ನ, ಬೆಳ್ಳಿ, ತಾಮ್ರ, ಅಲ್ಯೂಮಿನಿಯಂ, ಟೈಟಾನಿಯಂ ಹಾರಿಹೋಗುವುದಿಲ್ಲ. ಹಾಗಿದ್ದರೆ ದೊಡ್ಡಮ್ಮನ ತಾಳಿ ತೆಗೆಸಿದ್ದು ಏಕೆ? ಪಿನ್ನು ಒಂದು ಕಾರಣ. ಸರದ ಕೊಂಡಿಯೊಳಗೆ ಉಕ್ಕಿನ ಸಣ್ಣ ಸ್ಪ್ರಿಂಗ್ ಇರಬಹುದು. ಇನ್ನೊಂದು ಕಾರಣ, ರೇಡಿಯೋ ತರಂಗ. ಅದು ಲೋಹದಲ್ಲಿ ವಿದ್ಯುತ್ತನ್ನು ಪ್ರೇರಿಸುತ್ತದೆ. ಲೋಹ ಕಾದು ಮೈ ಸುಡಬಹುದು. ಉಂಗುರದಂತೆ, ಸರದಂತೆ ಸುತ್ತು ಕೂಡಿದ ಲೋಹಕ್ಕೆ ಈ ಅಪಾಯ ಹೆಚ್ಚು. ಜರಿಯ ಎಳೆಯಿರುವ ಬಟ್ಟೆಯನ್ನೂ ಉಡಿದಾರ, ತಾಯಿತಗಳನ್ನೂ ತೆಗೆಸಿ ಹತ್ತಿಯ ಅಂಗಿ ತೊಡಿಸುವುದು ಇದಕ್ಕೇ. ಬಿಚ್ಚಲು ಬಾರದ ಕಾಲುಂಗುರವಿದ್ದರೆ ತಂತ್ರಜ್ಞರಿಗೆ ಹೇಳಬೇಕು, ತೀರ್ಮಾನ ಅವರದು.

ಸ್ಟೀಲ್ ಎಂದರೂ ಎಲ್ಲ ಒಂದೇ ಅಲ್ಲ. ಮುರಿದ ಮೂಳೆಗೆ ಹಾಕುವ ರಾಡು, ಪ್ಲೇಟುಗಳಿಗೆ ಸಾಮಾನ್ಯವಾಗಿ ಟೈಟಾನಿಯಂ ಅಥವಾ ಅಯಸ್ಕಾಂತಕ್ಕೆ ಅಷ್ಟಾಗಿ ಸಿಗದ ಸ್ಟೀಲ್ ಬಳಸುತ್ತಾರೆ. ಅವು ಮೂಳೆಗೆ ಬಿಗಿದು ಕೂತಿರುತ್ತವೆ ಕೂಡ. ಭಯವಿರುವುದು ಮೃದುವಾದ ಅಂಗದೊಳಗಿನ ಕಬ್ಬಿಣಕ್ಕೆ. ಮಿದುಳಿನ ಉಬ್ಬಿದ ರಕ್ತನಾಳಕ್ಕೆ ಹಿಂದೆ ಹಾಕುತ್ತಿದ್ದ ಕೆಲವು ಬಗೆಯ ಕ್ಲಿಪ್ಪುಗಳು ಅಯಸ್ಕಾಂತಕ್ಕೆ ಸ್ಪಂದಿಸುವಂಥವು. ಅಂಥ ಕ್ಲಿಪ್ಪು ಅಲುಗಿ ರೋಗಿ ಸತ್ತ ಪ್ರಕರಣ 1993ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಗಿದೆ. ಈಗ ಬಳಸುವ ಕ್ಲಿಪ್ಪುಗಳು ಬಹುತೇಕ ಟೈಟಾನಿಯಂನವು. ಹಳೆಯ ಪೇಸ್‌ಮೇಕರ್ ಇದ್ದವರಿಗೆ ಎಂಆರ್‌ಐ ನಿಷಿದ್ಧವಾಗಿತ್ತು. ಇಂದು ಕೆಲವು ಷರತ್ತುಗಳೊಂದಿಗೆ ಒಪ್ಪಿಗೆ ಇರುವ ಪೇಸ್‌ಮೇಕರ್‌ಗಳು ಬಂದಿವೆ. ಯಾವುದಿದೆ ಎಂದು ತಿಳಿಯಲು ಆಪರೇಷನ್ ಆದಾಗ ಕೊಟ್ಟ ಕಾರ್ಡು ಬೇಕೇ ಬೇಕು.

ನಮ್ಮ ಪೀಣ್ಯದಂಥ ಕಡೆ ಲೇತ್ ಮೇಲೆ, ಗ್ರೈಂಡಿಂಗ್ ಕಲ್ಲಿನ ಮುಂದೆ ಕೆಲಸ ಮಾಡುವವರು ಮರೆಯದೆ ಹೇಳಬೇಕಾದ ಇನ್ನೊಂದು ಮಾತಿದೆ. ಎಂದೋ ಕಣ್ಣಿಗೆ ಸಿಡಿದ ಕಬ್ಬಿಣದ ಕಣ ನೋವು ಕೊಡದೆ ಒಳಗೇ ಉಳಿದಿರಬಹುದು. ಕಾಂತಕ್ಷೇತ್ರದಲ್ಲಿ ಅದು ಅಲುಗಿದರೆ ಕಣ್ಣೊಳಗೆ ರಕ್ತಸ್ರಾವ. ದೃಷ್ಟಿ ಹೋದ ಪ್ರಕರಣ 1986ರಲ್ಲೇ ವರದಿಯಾಗಿದೆ. ಅಂಥವರಿಗೆ ಮೊದಲು ಕಣ್ಣಿನ ಎಕ್ಸ್‌ರೇ ತೆಗೆಯುತ್ತಾರೆ. ಫಾರಂನಲ್ಲಿ ಈ ಪ್ರಶ್ನೆ ಇಂಗ್ಲಿಷಿನಲ್ಲಿದ್ದರೆ ಓದಿ ಹೇಳುವಂತೆ ಕೇಳಿ. ಸುಮ್ಮನೆ ಸಹಿ ಹಾಕಬೇಡಿ.

ಇಷ್ಟೆಲ್ಲ ಓದಿ ಎಂಆರ್‌ಐಗೆ ಹೆದರಬೇಕಿಲ್ಲ. ಕಬ್ಬಿಣವಿಲ್ಲದ ಮೈಗೆ ಆ ಅಯಸ್ಕಾಂತ ನೋವು ಮಾಡುವುದಿಲ್ಲ. ನೆನಪಿಡಬೇಕಾದದ್ದು ಇಷ್ಟೇ: ಆ ಬಾಗಿಲಾಚೆ ಅಯಸ್ಕಾಂತ ಸದಾ ಎಚ್ಚರವಾಗಿರುತ್ತದೆ. ಒಳಗಿರುವವರು ನಮ್ಮ ಹೆತ್ತವರೇ ಆಗಿರಲಿ, ಕೂಗಿ ಕರೆಯಲಿ, ಕರೆಯದೆ ಹೋಗುವುದಂತೂ ಬೇಡ, ಕರೆದರೂ ಜೇಬು, ಕೊರಳು, ಕೈ ಖಾಲಿ ಮಾಡಿ, ತಂತ್ರಜ್ಞರನ್ನು ಕೇಳಿಯೇ ಹೋಗಬೇಕು.

ದೊಡ್ಡಮ್ಮ ಹೊರಗೆ ಬಂದು ಮೊದಲು ಮಾಡಿದ ಕೆಲಸ ಸರ ಕೊರಳಿಗೆ ಹಾಕಿಕೊಂಡದ್ದು. ನಾಲ್ಕು ಪಿನ್ನುಗಳನ್ನು ನಾನು ಅಂಗೈಯಲ್ಲಿಟ್ಟುಕೊಂಡು ತೋರಿಸಿದೆ. "ಇಷ್ಟು ಚಿಕ್ಕದನ್ನೂ ಎಳೆಯುತ್ತೇನೋ ಅದು?" ಎಂದು ಕೇಳಿದರು. ಎಳೆಯುತ್ತೆ ದೊಡ್ಡಮ್ಮ ಎಂದೆ. ಸ್ವಲ್ಪ ಹೊತ್ತು ಆ ಮುಚ್ಚಿದ ಬಾಗಿಲ ಕಡೆ ನೋಡಿ, ಪಿನ್ನುಗಳನ್ನು ತೆಗೆದುಕೊಂಡು ಮತ್ತೆ ಸರಕ್ಕೇ ಸಿಕ್ಕಿಸಿಕೊಂಡರು.